ಪ್ಲೇಯರ್ ಮೌಂಟ್ ಆಗದಿದ್ದರೆ: ಫಾರ್ಮ್ಯಾಟ್‌ಗೆ ಮುನ್ನ ಓದಬೇಕಾದ ಸಾಲುಗಳು

ಗೆಳೆಯರೇ, ಮೈಸೂರಿನ ಈ ಸಭೆಯಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಲಿನಕ್ಸ್ ಅಥವಾ ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ದಿನನಿತ್ಯ ಬಳಸುವವರು. ಆದ್ದರಿಂದ ಟರ್ಮಿನಲ್ ಎಂದರೇನು, ಮೌಂಟ್ ಎಂದರೇನು ಎಂಬ ದೀರ್ಘ ವಿವರಣೆಗೆ ನಾನು ಸಮಯ ತೆಗೆದುಕೊಳ್ಳುವುದಿಲ್ಲ. ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಒಂದೇ ಮಾತು: ಮ್ಯೂಸಿಕ್ ಪ್ಲೇಯರ್ ಮೌಂಟ್ ಆಗದಿದ್ದಾಗ, ಅಂದರೆ ಅದರ ಕಡತಗಳು ಕಂಪ್ಯೂಟರಿನಲ್ಲಿ ತೆರೆದುಕೊಳ್ಳದಿದ್ದಾಗ, ಅದನ್ನು ಫಾರ್ಮ್ಯಾಟ್ ಮಾಡಬೇಡಿ, ವ್ಯವಸ್ಥೆಯ ತಿರುಳಾದ ಕರ್ನಲ್ ಏನು ಹೇಳಿದೆ ಎಂಬುದನ್ನು ಮೊದಲು ಓದಿ.

ಎಲ್ಲರ ಜೇಬಿನಲ್ಲೂ ಫೋನ್ ಇರುವಾಗ ಈ ಹಳೆಯ ಪ್ಲೇಯರುಗಳ ಚಿಂತೆ ಏಕೆ ಎಂದು ಕೆಲವರಿಗೆ ಅನಿಸಬಹುದು. ಹಳೆಯವು ಎಂಬ ಕಾರಣಕ್ಕೇ ಚಿಂತೆ. ಗುರುಗಳ ಪಾಠವನ್ನು ಮುದ್ರಿಸಿಕೊಂಡ ಸಂಗೀತದ ವಿದ್ಯಾರ್ಥಿಗಳು, ಅಜ್ಜಿಯ ಸೋಬಾನೆ ಪದಗಳನ್ನು ಹಿಡಿದಿಟ್ಟ ಮೊಮ್ಮಕ್ಕಳು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ, ಮತ್ತು ಆ ಮುದ್ರಣಗಳಿಗೆ ಎರಡನೆಯ ಪ್ರತಿ ಇರುವುದು ಅಪರೂಪ. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂಬ ಸಲಹೆ ಸುಳ್ಳಲ್ಲ, ಪ್ಲೇಯರ್ ಸರಿಹೋಗುವುದು ನಿಜ. ಆದರೆ ಕಡತದ ತುಂಡುಗಳಾದ ಕ್ಲಸ್ಟರುಗಳಲ್ಲಿ ಯಾವುದರ ನಂತರ ಯಾವುದನ್ನು ಓದಬೇಕೆಂದು ಹೇಳುವ ಫ್ಯಾಟ್ ಪಟ್ಟಿಯೇ ಆಗ ಅಳಿಸಿಹೋಗುತ್ತದೆ. ಧ್ವನಿ ಇನ್ನೂ ಚಿಪ್ಪಿನಲ್ಲಿದ್ದರೂ, ಚೂರುಚೂರಾಗಿ ಹರಡಿದ ದೊಡ್ಡ ಕಡತವನ್ನು ಮರಳಿ ಜೋಡಿಸುವುದು ಬಹಳ ಕಷ್ಟ. ಅದರ ಮೇಲೆ ಹೊಸ ಹಾಡು ತುಂಬಿಸಿಬಿಟ್ಟರೆ ಆ ಕಷ್ಟಪಡುವ ಅವಕಾಶವೂ ಉಳಿಯುವುದಿಲ್ಲ.

ಮಳವಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪ್ಲೇಯರಿನ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯವನ್ನು ಅವರು ಪುಟ್ಟದೊಂದು ಪ್ಲೇಯರಿನ ಮೈಕಿನಿಂದಲೇ ಹಲವು ವರ್ಷ ಮುದ್ರಿಸಿಕೊಂಡಿದ್ದರು. ಹಾಡಿದವರಲ್ಲಿ ಕೆಲವರು ಈಗಿಲ್ಲ. ಅಂಗಡಿಯೊಂದರಲ್ಲಿ ಫಾರ್ಮ್ಯಾಟ್ ಮಾಡಿಕೊಡುತ್ತೇವೆ ಎಂದಾಗ ಅವರು ಒಪ್ಪದೆ ಅದನ್ನು ನನ್ನ ಬಳಿಗೆ ತಂದು, “ಚಾರ್ಜ್ ಏನೋ ಚೆನ್ನಾಗಿ ಕುಡಿಯುತ್ತೆ ಕಣಪ್ಪ, ಕಂಪ್ಯೂಟರಿನ ಮುಂದೆ ಮಾತ್ರ ಬಾಯಿ ಬಿಡೋದಿಲ್ಲ” ಎಂದರು. ನಾನು ನಕ್ಕೆ, ಆದರೆ ಮೊದಲ ಸುಳಿವು ಆ ಮಾತಿನಲ್ಲೇ ಇತ್ತು.

ಯುಎಸ್‌ಬಿ 2.0 ಕೇಬಲ್ಲಿನಲ್ಲಿ ನಾಲ್ಕು ತಂತಿಗಳಿರುತ್ತವೆ: ಎರಡು ವಿದ್ಯುತ್ತಿಗೆ, ಎರಡು ದತ್ತಾಂಶಕ್ಕೆ. ಚಾರ್ಜಿಂಗಿಗೆಂದೇ ಮಾಡಿದ ಅಗ್ಗದ ಕೇಬಲ್ಲುಗಳಲ್ಲಿ ಮೊದಲ ಎರಡು ಮಾತ್ರ ಇರುವುದುಂಟು. ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ‘ಡಿಮೆಸ್ಗ್’ ಆಜ್ಞೆಗೆ ‘-ಡಬ್ಲ್ಯು’ ಸೇರಿಸಿ ಓಡಲು ಬಿಟ್ಟು ಪ್ಲೇಯರನ್ನು ಚುಚ್ಚಿದಾಗ ಪರದೆಯ ಮೇಲೆ ಒಂದು ಸಾಲೂ ಮೂಡಲಿಲ್ಲ. ಕರ್ನಲ್ಲಿನ ಈ ಮೌನವೂ ಓದಬೇಕಾದ ಉತ್ತರವೇ; ಸಾಧನ ಬಂದಿರುವುದೇ ಅದಕ್ಕೆ ತಿಳಿದಿಲ್ಲ ಎಂದಾಗ ಕಡತ ವ್ಯವಸ್ಥೆ ಕೆಟ್ಟಿದೆ ಎಂದು ತೀರ್ಮಾನಿಸಲು ಯಾವ ಆಧಾರವೂ ಇಲ್ಲ. ಮೌನದ ಬದಲು, ಸಾಧನದೊಂದಿಗೆ ಸಂವಹನ ತಪ್ಪಿದೆ ಎನ್ನುವ ಎರರ್ -71 ಅಥವಾ -110 ಕಂಡರೂ ಮೊದಲು ಕೇಬಲ್, ಪೋರ್ಟ್ ಮತ್ತು ಹಬ್ ಬದಲಾಯಿಸಿ ನೋಡಬೇಕು. ಮಂಡ್ಯದವರಿಗೆ ಇದು ಹೊಸ ವಿವೇಕವಲ್ಲ: ವಿಶ್ವೇಶ್ವರಯ್ಯ ನಾಲೆಯ ಕೊನೆಯ ಗದ್ದೆಗೆ ನೀರು ಬಾರದಿದ್ದರೆ ಯಾರೂ ಗದ್ದೆಯನ್ನು ಅಗೆಯುವುದಿಲ್ಲ, ತೂಬಿನಿಂದ ಹಿಡಿದು ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತಾ ಬರುತ್ತಾರೆ.

ಕೇಬಲ್ ಬದಲಾಯಿಸಿದ ಕೂಡಲೇ ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ‘ಎಲ್‌ಎಸ್‌ಯುಎಸ್‌ಬಿ’ಯಲ್ಲಿ ಪ್ಲೇಯರಿನ ಹೆಸರು ಕಾಣಿಸಿತು, ಆದರೆ ಡಿಸ್ಕುಗಳ ಪಟ್ಟಿ ಕೊಡುವ ‘ಎಲ್‌ಎಸ್‌ಬಿಎಲ್‌ಕೆ’ಯಲ್ಲಿ ಡಿಸ್ಕ್ ಇರಲಿಲ್ಲ. ಈ ಹಂತದಲ್ಲಿ ಅನುಭವಸ್ಥರೂ ಗೊಂದಲಕ್ಕೆ ಬೀಳುವುದನ್ನು ಕಂಡಿದ್ದೇನೆ. ಪ್ಲೇಯರ್ ಎಂಟಿಪಿ (ಮೀಡಿಯಾ ಟ್ರಾನ್ಸ್‌ಫರ್ ಪ್ರೋಟೋಕಾಲ್) ವಿಧಾನದಲ್ಲಿತ್ತು. ಮಾಸ್ ಸ್ಟೋರೇಜ್ ವಿಧಾನದಲ್ಲಿ ಪ್ಲೇಯರ್ ತನ್ನ ಸಂಗ್ರಹವನ್ನು ಇಡಿಯಾಗಿ ಕಂಪ್ಯೂಟರಿಗೆ ಒಪ್ಪಿಸುವುದರಿಂದ ಅದು ಎಸ್‌ಡಿಬಿ ಎಂಬಂಥ ಡಿಸ್ಕಾಗಿ ಕಾಣುತ್ತದೆ. ಎಂಟಿಪಿಯಲ್ಲಿ ಕಡತ ವ್ಯವಸ್ಥೆ ಪ್ಲೇಯರಿನ ಅಧೀನದಲ್ಲೇ ಉಳಿದು, ಕೇಳಿದ ಕಡತ ಮಾತ್ರ ಹೊರಗೆ ಬರುತ್ತದೆ. ಡಿಸ್ಕೇ ಇಲ್ಲದಿರುವಾಗ ಮೌಂಟ್ ಆಜ್ಞೆಯನ್ನು ಎಷ್ಟು ಬಾರಿ ಕೊಟ್ಟರೂ ಫಲವಿಲ್ಲ. ‘ಲಿಬ್‌ಎಂಟಿಪಿ’ ಆಧಾರಿತ ಸಲಕರಣೆಗಳಿಂದ ಕಡತಗಳನ್ನು ತೆಗೆಯಬಹುದು, ಇಲ್ಲವೇ ಪ್ಲೇಯರಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಮೋಡನ್ನು ಎಂಎಸ್‌ಸಿಗೆ, ಅಂದರೆ ಮಾಸ್ ಸ್ಟೋರೇಜಿಗೆ, ಬದಲಾಯಿಸಬಹುದು. ನಾವು ಎರಡನೆಯದನ್ನು ಮಾಡಿದೆವು.

ಎಸ್‌ಡಿಬಿ ಮೂಡಿತು, ಆದರೆ ಅದರ ಮೊದಲ ಪಾರ್ಟಿಷನ್, ಅಂದರೆ ವಿಭಾಗ, ಆದ ಎಸ್‌ಡಿಬಿ1 ಇರಲಿಲ್ಲ. ಅಂಥ ಸಾಧನವಿಲ್ಲ ಎಂದು ಮೌಂಟ್ ಆಜ್ಞೆ ಹೇಳಿದ್ದನ್ನು ಕಂಡು ಮೇಷ್ಟ್ರು, “ಹೋಯ್ತೇನಪ್ಪ?” ಎಂದು ಕೇಳಿದರು. “ಎಲ್ಲೂ ಹೋಗಿಲ್ಲ ಮೇಷ್ಟ್ರೇ, ವಿಳಾಸ ಮಾತ್ರ ತಪ್ಪಿದೆ” ಎಂದೆ. ಕೆಲವು ಪ್ಲೇಯರುಗಳಲ್ಲಿ ಪಾರ್ಟಿಷನ್ ಪಟ್ಟಿಯೇ ಇರುವುದಿಲ್ಲ, ಕಡತ ವ್ಯವಸ್ಥೆ ಡಿಸ್ಕಿನ ಆರಂಭದಿಂದಲೇ ಶುರುವಾಗುತ್ತದೆ. ಅಲ್ಲಿ ಎಸ್‌ಡಿಬಿಯನ್ನೇ ಮೌಂಟ್ ಮಾಡಬೇಕು. ಇದಕ್ಕೆ ತದ್ವಿರುದ್ಧವಾಗಿ, ವಿಂಡೋಸಿನಲ್ಲಿ ಸಿದ್ಧಪಡಿಸಿದ ಹಳೆಯ ಐಪಾಡುಗಳಲ್ಲಿ ಮೊದಲ ಪಾರ್ಟಿಷನ್ ಸಾಧನವನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರಿಗೆ ಮೀಸಲಾಗಿದ್ದು ಹಾಡುಗಳು ಎರಡನೆಯದರಲ್ಲಿರುತ್ತವೆ. ಆದ್ದರಿಂದ ಅಂಕಿಯನ್ನು ಊಹಿಸಬೇಡಿ. ‘ಎಲ್‌ಎಸ್‌ಬಿಎಲ್‌ಕೆ -ಎಫ್’ ತೋರಿಸುವುದನ್ನು ಓದಿ.

ಓದಲು ಮಾತ್ರ ಎಂಬ ‘ಆರ್‌ಓ’ ಆಯ್ಕೆಯೊಂದಿಗೆ ಮೌಂಟ್ ಮಾಡಿದಾಗ ಕಡತಗಳು ಕಂಡವು, ಆದರೆ ಹೆಸರುಗಳೆಲ್ಲ ಪ್ರಶ್ನೆಚಿಹ್ನೆಗಳಾಗಿದ್ದವು ಮತ್ತು ಒಂದೂ ತೆರೆಯಲಿಲ್ಲ. ಕನ್ನಡದಲ್ಲಿ ಹೆಸರಿಡುವ ನಮಗೆ ಇದು ವಿಶೇಷವಾಗಿ ಎದುರಾಗುವ ತೊಂದರೆ. ಫ್ಯಾಟ್ ವ್ಯವಸ್ಥೆ ಉದ್ದ ಹೆಸರುಗಳನ್ನು ಯೂನಿಕೋಡಿನಲ್ಲೇ ಇಡುತ್ತದೆ. ಕೈಯಿಂದ ಮೌಂಟ್ ಮಾಡುವಾಗ ಅಕ್ಷರ ಸಂಕೇತ ಹೊಂದದಿದ್ದರೆ ಅವು ಹೀಗೆ ಕಾಣುತ್ತವೆ. ಅನ್‌ಮೌಂಟ್ ಮಾಡಿ, ‘ಯುಟಿಎಫ್8’ ಆಯ್ಕೆ ಸೇರಿಸಿ ಮತ್ತೆ ಮೌಂಟ್ ಮಾಡಿದಾಗ ‘ಬೊಪ್ಪೇಗೌಡನಪುರ’ ಎಂಬ ಹೆಸರಿನ ಕಡತ ಎಲ್ಲಕ್ಕಿಂತ ಮೇಲೆ ನಿಂತಿತ್ತು, ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು. ಈ ಹಂತಗಳಲ್ಲಿ ಯಾವುದರಲ್ಲೂ ಫಾರ್ಮ್ಯಾಟ್ ಬೇಕಿರಲಿಲ್ಲ, ಮತ್ತು ಯಾವ ಹಂತದಲ್ಲಿ ಅದನ್ನು ಮಾಡಿದ್ದರೂ ಆ ಕಾವ್ಯ ಹೋಗುತ್ತಿತ್ತು.

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಹಿಂದಿನ ಬಾರಿ ಸರಿಯಾಗಿ ಅನ್‌ಮೌಂಟ್ ಆಗಿಲ್ಲ ಎಂದು ಕರ್ನಲ್ ಹೇಳಿದರೆ ಮೊದಲು ‘ಡಿಡಿರೆಸ್ಕ್ಯೂ’ನಿಂದ ಪೂರ್ತಿ ಪ್ರತಿ ತೆಗೆದುಕೊಳ್ಳಿ, ನಂತರ ಫ್ಯಾಟ್ ವ್ಯವಸ್ಥೆಯನ್ನು ಪರೀಕ್ಷಿಸುವ ‘ಎಫ್‌ಎಸ್‌ಸಿಕೆ.ವಿಫ್ಯಾಟ್’ ಅನ್ನು ಏನನ್ನೂ ಬರೆಯದ ‘-ಎನ್’ ಆಯ್ಕೆಯೊಂದಿಗೆ ಓಡಿಸಿ ನೋಡಿ, ದುರಸ್ತಿಯ ಮಾತು ಆಮೇಲೆ. ವಿಫ್ಯಾಟ್ (ಫ್ಯಾಟ್‌ಗೆ ಲಿನಕ್ಸ್ ಬಳಸುವ ಹೆಸರು) ಎಂಬ ಬಗೆಯೇ ಗೊತ್ತಿಲ್ಲ ಎಂಬ ಉತ್ತರ ಬಂದರೆ, ಕರ್ನಲ್ ಅಪ್‌ಡೇಟ್ ಆದ ಮೇಲೆ ಯಂತ್ರವನ್ನು ರೀಬೂಟ್ ಮಾಡಲಾಗಿದೆಯೇ ಎಂದು ನೋಡಿ. ಮ್ಯಾಕಿನಲ್ಲಿ ಸಿದ್ಧಪಡಿಸಿದ ಐಪಾಡಿನಲ್ಲಿ ಎಚ್‌ಎಫ್‌ಎಸ್ ಪ್ಲಸ್ ಎಂಬ ಆಪಲ್‌ನ ಕಡತ ವ್ಯವಸ್ಥೆ ಇರುತ್ತದೆ. ಬದಲಾವಣೆಗಳನ್ನು ಮೊದಲೇ ದಾಖಲಿಸಿಕೊಳ್ಳುವ ಜರ್ನಲಿಂಗ್ ಇದ್ದರೆ ಲಿನಕ್ಸ್ ಅದನ್ನು ಓದಲಷ್ಟೇ ಬಿಡುತ್ತದೆ, ನಮಗೆ ಪ್ರತಿ ತೆಗೆಯಲು ಅಷ್ಟೇ ಸಾಕು. 64 ಜಿಬಿ ಕಾರ್ಡುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಕಡತ ವ್ಯವಸ್ಥೆಯಲ್ಲಿರುತ್ತವೆ. ಅದರ ಚಾಲಕ ಲಿನಕ್ಸ್ ಕರ್ನಲ್ಲಿಗೆ ಸೇರಿದ್ದು 2019ರ 5.4ರಲ್ಲಿ, ಆದ್ದರಿಂದ ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ಬೇರೆ ಪ್ಯಾಕೇಜ್ ಬೇಕಾಗುತ್ತದೆ. ಫ್ರೀಬಿಎಸ್‌ಡಿಯವರು ಎಸ್‌ಡಿಬಿಯ ಬದಲು ಡಿಎ0 ಎಂಬ ಹೆಸರನ್ನು ಹುಡುಕಿ.

ಪ್ಲೇಯರ್ ತಂದಿರುವವರು ಊಟದ ನಂತರ ಹಿಂದಿನ ಮೇಜಿಗೆ ಬನ್ನಿ, ನೀವು ದಿನವೂ ಬಳಸುವ ಕೇಬಲ್ಲನ್ನೇ ತನ್ನಿ, ಅಲ್ಲಿಯವರೆಗೆ ಅದಕ್ಕೆ ಹೊಸದೇನನ್ನೂ ತುಂಬಿಸಬೇಡಿ.