ಮನೆಯ ಜೊತೆಗೆ ಸಾಲವೂ

ಕೇಳುಗರಿಗೆ ನಮಸ್ಕಾರ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇನ್‌ಹೆರಿಟೆನ್ಸ್, ಇಂಟರ್‌ಫೇಸ್ ಎಂಬ ಎರಡು ದಾರಿಗಳಿವೆ. ಇವತ್ತು ಅವುಗಳ ಮಾತು.

ಮದುವೆಮನೆಯಲ್ಲಿ ತೊಳೆದ ತಟ್ಟೆಗಳನ್ನು ಪೇರಿಸಿಡುತ್ತಾರಲ್ಲ, ಹೊಸದನ್ನು ಇಡುವುದೂ ಮೇಲೆ, ತೆಗೆಯುವುದೂ ಮೇಲಿನಿಂದಲೇ. ಪ್ರೋಗ್ರಾಮಿಂಗ್‌ನಲ್ಲಿ ಇದು ಸ್ಟ್ಯಾಕ್. ಅದರ ಮುಖ್ಯ ಕೆಲಸ ಮೂರೇ: ಇಡುವ ಪುಷ್, ತೆಗೆಯುವ ಪಾಪ್, ಮೇಲಿನದನ್ನು ಸುಮ್ಮನೆ ನೋಡುವ ಪೀಕ್.

1996ರಲ್ಲಿ ಬಂದ ಜಾವಾದ ಮೊದಲ ಆವೃತ್ತಿಯಲ್ಲೇ ಸ್ಟ್ಯಾಕ್ ಎಂಬ ಕ್ಲಾಸ್ ಇತ್ತು. ಕ್ಲಾಸ್ ಎಂದರೆ ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕೆಲಸಗಳನ್ನೂ ಒಟ್ಟಿಗೆ ಕಟ್ಟಿದ ನಮೂನೆ. ಅದನ್ನು ವೆಕ್ಟರ್ ಕ್ಲಾಸಿನ ಮಗುವಾಗಿ ಬರೆದರು. ವೆಕ್ಟರ್ ಎಂದರೆ ಪಟ್ಟಿ. ಎಲ್ಲಿ ಬೇಕಾದರೂ ಸೇರಿಸಬಹುದು, ಎಲ್ಲಿಂದ ಬೇಕಾದರೂ ಕೀಳಬಹುದು. ಎಕ್ಸ್‌ಟೆಂಡ್ಸ್ ಎಂಬ ಒಂದೇ ಪದಕ್ಕೆ ಅಷ್ಟೂ ಕೋಡ್ ಪುಕ್ಕಟೆ ಬಂತು. ಇದೇ ಇನ್‌ಹೆರಿಟೆನ್ಸ್. ಆದರೆ ಇಲ್ಲಿ ಅಪ್ಪನ ಮನೆ ಬೇಕು, ಸಾಲ ಬೇಡ ಎನ್ನುವಂತಿಲ್ಲ. ವೆಕ್ಟರ್‌ನ ಪಬ್ಲಿಕ್ ಮೆಥಡ್‌ಗಳೆಲ್ಲ, ಅಂದರೆ ಹೊರಗಿನವರೂ ಕರೆಯಬಹುದಾದ ಕೆಲಸಗಳೆಲ್ಲ, ಸ್ಟ್ಯಾಕ್‌ಗೂ ಬಂದವು. ಇವತ್ತಿಗೂ ಆ್ಯಡ್ ಮೆಥಡ್‌ಗೆ ಸ್ಥಾನ 0 ಎಂದು ಕೊಟ್ಟರೆ ಹೊಸ ತಟ್ಟೆ ಎಲ್ಲದರ ಅಡಿಗೆ ಹೋಗಿ ಕೂರುತ್ತದೆ. ಕೋಡನ್ನು ಪರಿಶೀಲಿಸಿ ಅನುವಾದಿಸುವ ಕಂಪೈಲರ್ ತುಟಿಪಿಟಕ್ ಎನ್ನುವುದಿಲ್ಲ. ಈಗ ತಿದ್ದೋಣವೆಂದರೆ, ಅದನ್ನೇ ನಂಬಿದ ಹಳೆಯ ಪ್ರೋಗ್ರಾಂಗಳು ಮುರಿಯುತ್ತವೆ.

ಇಂಟರ್‌ಫೇಸ್‌ನ ದಾರಿ ಬೇರೆ. ಮೆಥಡ್‌ನ ಹೆಸರೇನು, ಏನು ಕೊಡಬೇಕು, ಏನು ಮರಳುತ್ತದೆ ಎಂಬ ಕರಾರೇ ಅದರಲ್ಲಿ ಮುಖ್ಯ. ಜಾವಾದಲ್ಲಿ ಒಂದು ಕ್ಲಾಸಿಗೆ ತಾಯಿ ಕ್ಲಾಸ್ ಒಂದೇ. ಇಂಟರ್‌ಫೇಸ್ ಎಷ್ಟಾದರೂ ಇರಬಹುದು. 2006ರ ಜಾವಾ 6ರಲ್ಲಿ ಎರಡೂ ತುದಿಯಲ್ಲಿ ಇಡಲು, ತೆಗೆಯಲು ಬಿಡುವ ಡೆಕ್ ಎಂಬ ಇಂಟರ್‌ಫೇಸ್, ಅದನ್ನು ನಡೆಸಿಕೊಡುವ ಅರೇಡೆಕ್ ಕ್ಲಾಸ್ ಬಂದವು. ಸ್ಟ್ಯಾಕ್ ಬದಲು ಇವನ್ನೇ ಬಳಸಿ ಎನ್ನುತ್ತದೆ ಜಾವಾದ ಕೈಪಿಡಿ. ಬದಲಿಸುವಾಗ ಎರಡು ಕಡೆ ಎಡವುತ್ತೀರಿ. ಫಾರ್ ಲೂಪ್‌ನಲ್ಲಿ ಓಡಿಸಿದರೆ ಹಳೆಯ ಸ್ಟ್ಯಾಕ್ ಅಡಿಯಿಂದ ಮೇಲಕ್ಕೆ ಬರುತ್ತಿತ್ತು, ಅರೇಡೆಕ್ ಮೇಲಿನಿಂದ ಅಡಿಗೆ ಹೋಗುತ್ತದೆ. ಅದಕ್ಕೆ ನಲ್, ಅಂದರೆ ಏನೂ ಇಲ್ಲ ಎಂಬ ಗುರುತು, ಹಾಕಿದರಂತೂ ನಲ್ ಪಾಯಿಂಟರ್ ಎಕ್ಸೆಪ್ಶನ್ ಎಂಬ ದೋಷ ಎಸೆದುಬಿಡುತ್ತದೆ.

ನಿಜ ಹೇಳಬೇಕೆಂದರೆ ಡೆಕ್ ಕೂಡ ಪೂರ್ತಿ ಸಾಧುವಲ್ಲ. ಆ್ಯಡ್‌ಲಾಸ್ಟ್ ಕರೆದರೆ ಅಲ್ಲೂ ತಟ್ಟೆ ಅಡಿಗೇ ಹೋಗುತ್ತದೆ. ಕಟ್ಟುನಿಟ್ಟು ಬೇಕಿದ್ದರೆ ಮೂರೇ ಮೆಥಡ್‌ಗಳ ಇಂಟರ್‌ಫೇಸನ್ನು ನೀವೇ ಬರೆಯಿರಿ. ಅದನ್ನು ಇಂಪ್ಲಿಮೆಂಟ್ ಮಾಡುವ ಕ್ಲಾಸಿನೊಳಗೆ ಅರೇಡೆಕ್ ಒಂದನ್ನು ಪ್ರೈವೇಟ್ ಫೀಲ್ಡ್ ಆಗಿ ಬಚ್ಚಿಡಿ, ಕೆಲಸವನ್ನು ಅದಕ್ಕೆ ವಹಿಸಿ. ನಾಳೆ ಒಳಗೆ ಲಿಂಕ್ಡ್‌ಲಿಸ್ಟ್ ಎಂಬ ಬೇರೆ ಕ್ಲಾಸನ್ನು ತಂದಿಟ್ಟರೂ ಆ ಇಂಟರ್‌ಫೇಸ್ ಮೂಲಕ ಬಳಸುವವರು ತಮ್ಮ ಕೋಡ್ ತಿದ್ದಬೇಕಿಲ್ಲ.

ಆ ಕ್ಲಾಸಿನ ಮೂರೂ ಮೆಥಡ್‌ಗಳ ಮುಂದೆ ಪಬ್ಲಿಕ್ ಬರೆಯಲು ಮರೆಯಬೇಡಿ. ಇಂಟರ್‌ಫೇಸ್‌ನಲ್ಲಿ ಬರೆಯದಿದ್ದರೂ ಅವು ಪಬ್ಲಿಕ್ಕೇ. ಕ್ಲಾಸಿನಲ್ಲಿ ಬಿಟ್ಟರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ನಮಸ್ಕಾರ.