ನೀರುಕಾಯಿ ಮರ ನೋಡೋಕೆ ಹೋಗಿ ಮೈಕ್ ಕಳಕೊಂಡೆ

ಇದು ಬೆಳಗಾವಿಯ ಕ್ಯಾಂಪ್, ಅಂದರೆ ದಂಡು ಪ್ರದೇಶ. ಮರದ ತುದಿಯಲ್ಲಿ ಕೇಸರಿ ಕೆಂಪು ಹೂವು ಕಾಣುತ್ತಿದೆಯಲ್ಲ, ಅದೇ ನೀರುಕಾಯಿ ಮರ. ಮೊಗ್ಗು ಹಿಂಡಿದರೆ ನೀರು ಚಿಮ್ಮುತ್ತದೆ. ಹೇಗೆ ಅಂತ ಅಣ್ಣನ ಮಗ ತೋರಿಸುತ್ತಿದ್ದಾನೆ ನೋಡಿ. ನೇರವಾಗಿ ನನ್ನ ಕಾಲರ್ ಮೈಕಿಗೆ!

ಈ ಮೈಕಿನ ಕಥೆ ಹೇಳಲೇಬೇಕು. 1,800 ರೂಪಾಯಿ ಕೊಟ್ಟಿದ್ದೆ. ಅದರ ಡಬ್ಬಿ ಇನ್ನೂ ಟೇಬಲ್ ಮೇಲೇ ಇದೆ. ಮೊದಲು ಗರಗರ ಅಂದಿತು, ಆಮೇಲೆ ಅದೂ ಇಲ್ಲ. "ಕಾಕಾ, ವಾಟರ್‌ಪ್ರೂಫ್ ಐತಿ ಅಂತ ಹೇಳಿದ್ದೆಲ್ಲ?" ಅಂತಾನೆ ಹುಡುಗ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ, ಅತ್ತಿಗೆಯಿಂದ ಬೈಸಿಕೊಂಡಿದ್ದೇ ಲಾಭ. ರಿಪೇರಿಯವನು ಬಿಚ್ಚಿ ನೋಡೋಕೇ 200 ತೆಗೆದುಕೊಂಡ. ಸರಿ ಮಾಡೋಕೆ 900 ಅಂತೆ. ಅಂದರೆ ಅರ್ಧ ಮೈಕಿನ ದುಡ್ಡು! ಗ್ಯಾರಂಟಿ ಕೇಳಿದರೆ ನಕ್ಕ. ಅದಕ್ಕೇ ಈ ಮಾತೆಲ್ಲ ಮನೆಯಲ್ಲಿ ಕೂತು ಹೇಳುತ್ತಿದ್ದೇನೆ. ನಡುವೆ ಕುಕ್ಕರ್ ಸೀಟಿ ಬಂದರೆ ಸಹಿಸಿಕೊಳ್ಳಿ.

ಅಯ್ಯೋ, ಮರದ ಶಾಟ್ ಮುಗಿಯುತ್ತಾ ಬಂತು. ಬೇಗ ಹೇಳುತ್ತೇನೆ. ಇದು ಆಫ್ರಿಕಾದ ಮರ. ಚೆಂದ ಅಂತ ಊರೂರಿಗೆ ಒಯ್ದರು. ಈಗ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ, ಅಂದರೆ ಹೊರಗಿನಿಂದ ಬಂದು ಸ್ಥಳೀಯ ಜೀವಿಗಳನ್ನು ಒತ್ತರಿಸುವಂಥವುಗಳ, ಪಟ್ಟಿಯಲ್ಲಿದೆ. ಈ ಒಣ ಕಾಯಿ ನೋಡಿ. ಒಂದರಲ್ಲೇ ಸುಮಾರು 500 ಬೀಜ, ಸುತ್ತ ತೆಳ್ಳಗಿನ ರೆಕ್ಕೆ. ಗಾಳಿ ಬೀಸಿದರೆ ಸಾಕು. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಬೇರಿನಿಂದಲೂ ಸಸಿ ಏಳುತ್ತವೆ. ಹವಾಯಿಯ ಮಳೆಕಾಡಿನಲ್ಲಿ ಇದರ ಸಸಿಗಳು ನೆರಳಲ್ಲೂ ಬದುಕುತ್ತವೆ. ಒಮ್ಮೆ ಮೇಲೆ ಬಂದರೆ ಕೆಳಗಿನ ಗಿಡಗಳಿಗೆ ಬೆಳಕಿಲ್ಲ. ಅಲ್ಲಿನ ಓಹಿಯಾ ಮರ ಬೆಳೆಯೋದೇ ನಿಧಾನ, ಇದರ ಜೊತೆ ಹೇಗೆ ಪೈಪೋಟಿ ಮಾಡಬೇಕು? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದನ್ನು ಮಾರುವಂತಿಲ್ಲ, ಸುಮ್ನೆ ಕೊಡುವಂತೆಯೂ ಇಲ್ಲ. ಅಲ್ಲಿನ ಚುಚ್ಚದ ಪುಟ್ಟ ಜೇನ್ನೊಣಗಳು ಈ ಹೂವಿನೊಳಗೆ ಹೋಗಿ ಸಾಯುತ್ತವೆ.

ಇಷ್ಟು ಓದಿದ ಮೇಲೆ ಕಡಿದು ಹಾಕಬೇಕು ಅನಿಸಿತು. ಆದರೆ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ ಬೇರೆಯೇ ಕಥೆ. ಅಲ್ಲಿ ಪಾಳು ಬಿದ್ದ ಹೊಲಗಳಲ್ಲಿ ಇದೇ ಮರ ಮೊದಲು ಎದ್ದಿತು. ವರ್ಷಗಳು ಕಳೆದ ಮೇಲೆ ಅದರ ನೆರಳಲ್ಲೇ ಅಲ್ಲಿನ ಸ್ಥಳೀಯ ಮರಗಳೂ ಹುಟ್ಟಿದವು. ಪೂರ್ತಿ ಬೈಯೋಕೂ ಆಗಲ್ಲ!

ಕ್ಯಾಂಪ್‌ನಲ್ಲಿ ಇರಲಿ ಬಿಡಿ, ಇಲ್ಲಿ ಕಾಡಿಲ್ಲ. ಆದರೆ ಖಾನಾಪುರ, ಜಾಂಬೋಟಿ ಕಡೆ ಫಾರ್ಮ್‌ಹೌಸ್ ಕಟ್ಟುವವರು ಗೇಟಿಗೆ ಶೋಭೆ ಅಂತ ನೆಡಬೇಡಿ. ಹತ್ತಿರದಲ್ಲೇ ಭೀಮಗಡ ಅಭಯಾರಣ್ಯ ಇದೆ. ಅಂಥ ಬಣ್ಣವೇ ಬೇಕಾದರೆ ಮುತ್ತಲ ಹಾಕಿ. ಬೆಳೆಯೋದು ತಡ, ಎಲೆಯಿಂದ ಪತ್ರಾವಳಿಯಾದರೂ ಆಗುತ್ತದೆ. ಹೊಳೆ ದಂಡೆ ಇದ್ದರೆ ನೇರಳೆ ಹೂವಿನ ಹೊಳೆದಾಸವಾಳ.

ಹಾಂ, ಈಗ ಕಾಣುತ್ತಿರೋದು ಖಾನಾಪುರ ರಸ್ತೆ. ಸಾಲಾಗಿ ನಿಂತಿರೋದು ಅಕೇಶಿಯಾ. ಅದರ ಮೇಲೆ ನನಗೆ ಇನ್ನೂ ಜಾಸ್ತಿ ಸಿಟ್ಟಿದೆ, ಆದರೆ ಕ್ಲಿಪ್ ಇಷ್ಟೇ ಇರೋದು.