'ಇನ್ನೂ ಇಲ್ಲ' ಎಂದು ಬರೆದಿಡುವುದು

ಎಲ್ಲರಿಗೂ ನಮಸ್ಕಾರ.

ಒಂದು ಪ್ರಶ್ನೆ ಕೇಳಿ ಶುರು ಮಾಡುತ್ತೇನೆ. ಕೈ ಎತ್ತುವುದು ಬೇಡ, ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ. ನಿಮ್ಮ ಮನೆಗೆ ತೀರಾ ಹತ್ತಿರದ ಮರ ಕಳೆದ ವರ್ಷ ಚಿಗುರಿದ್ದು ಯಾವತ್ತು? ತಿಂಗಳು ಹೇಳುವವರು ಕೆಲವರಿರಬಹುದು, ತಾರೀಖು ಹೇಳುವವರು ಸಿಕ್ಕರೆ ಪುಣ್ಯ. ನಾನೂ ಹೇಳಲಾರದವನೇ ಆಗಿದ್ದೆ. ಒಂದು ಬೆಳಿಗ್ಗೆ ಕಿಟಕಿ ತೆಗೆದಾಗ ಮರ ತುಂಬ ತಳಿರು. ಅರೆ, ವಸಂತ ಇವತ್ತು ಬಂತು ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಕೆಳಗಿನ ರೆಂಬೆಯ ಎಲೆಗಳು ಆಗಲೇ ಅಂಗೈಯಗಲ ಬಲಿತಿದ್ದವು. ವಸಂತ ಬಂದು ಎರಡು ವಾರವಾದರೂ ಆಗಿರಬೇಕು. ಅಷ್ಟೂ ದಿನ ನಾನು ಆ ಮರದ ಕೆಳಗೇ ಓಡಾಡಿದ್ದೆ!

ಹಾಗಾದರೆ ಮೊದಲ ಗುರುತು ಯಾವುದು? ಹೂವೆಂದು ಹೇಳುವುದು ರೂಢಿ. ಹೂ ನನ್ನ ಲೆಕ್ಕದಲ್ಲಿ ತುಂಬಾ ತಡ. ಚಳಿ ಪ್ರದೇಶದ ಎಷ್ಟೋ ಮರಗಳಲ್ಲಿ ಈ ವಸಂತದಲ್ಲಿ ಬಿಚ್ಚಿಕೊಳ್ಳುವ ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿರುತ್ತದೆ. ಎಲೆ ಉದುರಿಸಿ ಬೋಳಾಗಿ ನಿಂತ ಮರದ ರೆಂಬೆಯನ್ನು ಬಾಗಿಸಿ ನೋಡಿ, ಗೆಣ್ಣುಗೆಣ್ಣಿಗೂ ಹೊದಿಕೆ ಹೊದ್ದ ಕಣ್ಣುಗಳು, ಅಂದರೆ ಆ ಮೊಗ್ಗುಗಳು, ಇರುತ್ತವೆ. ಅವು ಚಳಿಯ ದಿನಗಳ ಲೆಕ್ಕವಿಡುತ್ತವೆ. ಸಾಕಷ್ಟು ಚಳಿ ಉಂಡ ಮೇಲೆಯೇ ಬೆಚ್ಚಗಿನ ದಿನಗಳಿಗೆ ಓಗೊಡುತ್ತವೆ. ಇದು ಇಲ್ಲದಿದ್ದರೆ ನಡುಚಳಿಯಲ್ಲಿ ನಾಲ್ಕು ದಿನ ಬಿಸಿಲು ಬಂದ ಕೂಡಲೇ ಮರ ಮೋಸಹೋಗಿ ಚಿಗುರಿ, ಮುಂದಿನ ವಾರದ ಹಿಮಕ್ಕೆ ಸುಟ್ಟುಹೋಗುತ್ತಿತ್ತು. ಈ ಲೆಕ್ಕದ ಇನ್ನೊಂದು ಮುಖ ವಿಚಿತ್ರವಾಗಿದೆ: ಚಳಿಗಾಲ ತೀರಾ ಬೆಚ್ಚಗಾದರೆ ಕೆಲವು ಮರಗಳು ಬೇಗ ಚಿಗುರುವ ಬದಲು ತಡವಾಗಿ ಚಿಗುರುತ್ತವೆ.

ಉಷ್ಣವಲಯದ ಕಥೆ ಬೇರೆ. ಅಲ್ಲಿ ಅನೇಕ ಮರಗಳು ಮಳೆಗೆ ಕಾಯುವುದಿಲ್ಲ. ನೆಲ ಒಣಗಿ ಬಿರುಕು ಬಿಟ್ಟ ಹೊತ್ತಿನಲ್ಲೇ, ಕಾಂಡದಲ್ಲೋ ಆಳದ ಮಣ್ಣಿನಲ್ಲೋ ಉಳಿದ ನೀರನ್ನು ನಂಬಿ ತಳಿರು ಬಿಡುತ್ತವೆ. ಆ ತಳಿರು ಮೊದಲು ಕೆಂಪಗೆ, ತಾಮ್ರದ ಬಣ್ಣದಲ್ಲಿ ಇರುವುದನ್ನು ನೋಡಿದ್ದೀರಿ. ಎಲೆಗೆ ಹಸಿರು ಕೊಡುವ ಪತ್ರಹರಿತ್ತು ಇನ್ನೂ ತುಂಬಿರುವುದಿಲ್ಲ, ಆಂಥೋಸಯನಿನ್ ಎಂಬ ಬಣ್ಣದ್ರವ್ಯ ಎದ್ದು ಕಾಣುತ್ತದೆ. ಎಳೆ ಎಲೆಗೆ ಬಿಸಿಲಿನಿಂದ ರಕ್ಷಣೆ ಅಂತ ಒಂದು ವಾದ, ಎಲೆ ತಿನ್ನುವ ಹುಳುಗಳಿಂದ ರಕ್ಷಣೆ ಅಂತ ಇನ್ನೊಂದು. ಜಗಳ ಮುಗಿದಿಲ್ಲ.

ಹಕ್ಕಿಗಳು ನಂಬುವುದು ಬೆಳಕನ್ನು. ಹಗಲು ಉದ್ದವಾಗುತ್ತಿದೆ ಅನ್ನುವುದನ್ನು ಅವು ಕಣ್ಣಿನಿಂದ ಮಾತ್ರ ಅರಿಯುವುದಿಲ್ಲ. ತಲೆಬುರುಡೆಯನ್ನು ದಾಟಿ ಒಳಗೆ ಇಳಿಯುವ ಬೆಳಕನ್ನು ಗುರುತಿಸುವ ಕೋಶಗಳು ಅವುಗಳ ಮಿದುಳಿನ ಆಳದಲ್ಲೇ ಇವೆ. ಯುರೋಪಿನ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿ ಜನವರಿಯ ಕೊರೆಯುವ ಚಳಿಯಲ್ಲೇ ಹಾಡು ಎತ್ತಿಕೊಳ್ಳುತ್ತದೆ. ನಮಗೆ ಇನ್ನೂ ಚಳಿಗಾಲ, ಅದಕ್ಕೆ ಆಗಲೇ ವಸಂತ.

ಇನ್ನು ಬರೆದಿಡುವ ವಿಷಯ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಅನ್ನುವವರು 1736ರಲ್ಲಿ ತಮ್ಮ ಜಮೀನಿನ ಸುತ್ತ ಇದನ್ನು ಶುರು ಮಾಡಿದರು. ಮೊದಲ ಹೂ ಯಾವಾಗ, ಯಾವ ಮರ ಎಲೆ ಬಿಟ್ಟಿತು, ಕಪ್ಪೆ ಯಾವತ್ತು ವಟಗುಟ್ಟಿತು, ಹೀಗೆ 27 ಗುರುತುಗಳು. 1797ರಲ್ಲಿ ತೀರಿಕೊಳ್ಳುವವರೆಗೆ ಬರೆದರು. ಆಮೇಲೆ ಅವರ ವಂಶದವರು 1958ರವರೆಗೆ ಮುಂದುವರಿಸಿದರು. ಜಪಾನಿನ ಕ್ಯೋಟೊದಲ್ಲಂತೂ ಚೆರ್ರಿ ಅರಳಿದ ದಿನಗಳ ದಾಖಲೆ 9ನೆಯ ಶತಮಾನದವರೆಗೆ ಹಿಂದಕ್ಕೆ ಹೋಗುತ್ತದೆ. ಅದನ್ನು ಬರೆದವರು ವಿಜ್ಞಾನಿಗಳಲ್ಲ. ಹೂ ನೋಡುವ ಕೂಟಕ್ಕೆ ಹೋಗಿಬಂದು ದಿನಚರಿಯಲ್ಲಿ ಎರಡು ಸಾಲು ಗೀಚಿದ ಆಸ್ಥಾನಿಕರು, ಸನ್ಯಾಸಿಗಳು. 2021ರಲ್ಲಿ ಅಲ್ಲಿ ಚೆರ್ರಿ ಪೂರ್ತಿ ಅರಳಿದ್ದು ಮಾರ್ಚ್ 26ಕ್ಕೆ. ಅಲ್ಲಿಯವರೆಗೆ ಅತಿ ಬೇಗ ಅರಳಿದ ದಾಖಲೆ 1409ರ ಮಾರ್ಚ್ 27. ಭೂಮಿ ಬಿಸಿಯಾಗುತ್ತಿದೆ ಎನ್ನಲು ಉಪಗ್ರಹದ ಜೊತೆಗೆ ಆ ದಿನಚರಿಗಳೂ ಈಗ ಸಾಕ್ಷಿ ನಿಂತಿವೆ.

ಒಂದೆರಡು ದಿನ ಆಚೀಚೆಯಾದರೆ ಏನಾಯಿತು ಎಂದು ಕೇಳಬಹುದು. ಗ್ರೇಟ್ ಟಿಟ್‌ಗೆ ವಾಪಸು ಹೋಗೋಣ. ಓಕ್ ಮರದ ಎಳೆ ಎಲೆ ತಿನ್ನುವ ಹುಳುಗಳೇ ಅದರ ಮರಿಗಳಿಗೆ ಊಟ. ನೆದರ್‌ಲೆಂಡ್ಸ್‌ನಲ್ಲಿ ಬಹುಕಾಲ ನೋಡಿದಾಗ ಕಂಡದ್ದು: ವಸಂತ ಬೆಚ್ಚಗಾದಂತೆ ಹುಳುಗಳು ಮುಂಚೆ ಹುಟ್ಟತೊಡಗಿದವು, ಹಕ್ಕಿ ಮಾತ್ರ ಅಷ್ಟು ಮುಂಚೆ ಮೊಟ್ಟೆಯಿಡಲಿಲ್ಲ. ಮರಿಗಳ ಹಸಿವು ಏರುವ ಹೊತ್ತಿಗೆ ಹುಳುಗಳ ಸುಗ್ಗಿ ಇಳಿಮುಖ.

ಈಗ ನನ್ನ ಒಂದು ತಪ್ಪು. ಬರೆಯಲು ಶುರು ಮಾಡಿದ ಮೊದಲ ವರ್ಷ 'ಇಂದು ಮೊದಲ ಚಿಗುರು' ಎಂದು ಹೆಮ್ಮೆಯಿಂದ ಬರೆದೆ. ಆಮೇಲೆ ಹಿಂದಿನ ಪುಟ ತಿರುಗಿಸಿದರೆ ಹತ್ತು ದಿನ ಖಾಲಿ, ನಾನು ಪ್ರಯಾಣದಲ್ಲಿದ್ದೆ. ಆ ಹತ್ತರಲ್ಲಿ ಯಾವ ದಿನ ಚಿಗುರಿತೋ ದೇವರೇ ಬಲ್ಲ. 'ಇಂದು ಬಂತು' ಅನ್ನುವ ಮಾತಿಗೆ ಬೆಲೆ ಬರುವುದು 'ನಿನ್ನೆ ಇರಲಿಲ್ಲ' ಅನ್ನುವುದೂ ಬರೆದಿದ್ದರೆ ಮಾತ್ರ. ಆದ್ದರಿಂದ ನನ್ನ ಪುಸ್ತಕದ ತುಂಬ 'ಇನ್ನೂ ಇಲ್ಲ', 'ಇನ್ನೂ ಇಲ್ಲ'. ಮನೆಯವರು ನಗುತ್ತಾರೆ, ನಗಲಿ.

ಮಾಡಬೇಕಾದ್ದು ಇಷ್ಟೆ. ಒಂದೇ ಮರ ಆರಿಸಿಕೊಳ್ಳಿ, ಹಾಲಿಗೋ ಕೆಲಸಕ್ಕೋ ಹೋಗುವ ದಾರಿಯಲ್ಲೇ ಇರಲಿ. ದೂರದ ಚಂದದ ಮರಕ್ಕೆ ಮೂರನೇ ದಿನ ಹೋಗುವುದಿಲ್ಲ ನೀವು. ಕೈಗೆ ಎಟಕುವ ಒಂದು ರೆಂಬೆಗೆ ಸಡಿಲವಾಗಿ ದಾರ ಕಟ್ಟಿ, ಪ್ರತಿ ಸಲ ಅದನ್ನೇ ನೋಡಿ. ಹೊದಿಕೆಯ ಸಂದಿನಲ್ಲಿ ಹಸಿರೋ ಕೆಂಪೋ ಒಂದು ಗೆರೆ ಕಂಡ ದಿನವನ್ನೇ ಮೊದಲ ದಿನ ಎನ್ನಿ. ನಿಮ್ಮ ನಿಯಮ ಬೇರೆಯಾದರೂ ಸರಿ, ಪ್ರತಿ ವರ್ಷ ಅದೇ ಇರಲಿ. ಬುಡದ ಮಣ್ಣಿನಲ್ಲಿ ಇರುವೆ ಸಾಲು ಎದ್ದಿದೆಯೇ, ಜೇನ್ನೊಣ ಸುಳಿಯಿತೇ ಎಂದೂ ನೋಡಿ. ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಜೇನ್ನೊಣ ಗೂಡು ಬಿಟ್ಟು ಹಾರುವುದು ಅಪರೂಪ, ಹಾಗಾಗಿ ಥರ್ಮಾಮೀಟರಿನ ಕೆಲಸವನ್ನೂ ಅದು ಮಾಡಿಕೊಡುತ್ತದೆ.

ಇವತ್ತು ಬೆಳಿಗ್ಗೆಯೂ 'ಇನ್ನೂ ಇಲ್ಲ' ಎಂದೇ ಬರೆದು ಬಂದಿದ್ದೇನೆ. ದಾರದಿಂದಾಚೆ ಮೂರನೇ ಕಣ್ಣಿನ ಬಗ್ಗೆ ಮಾತ್ರ ಸ್ವಲ್ಪ ಅನುಮಾನ. ಕತ್ತಲಾಗುವ ಮುಂಚೆ ಹೋಗಿ ಇನ್ನೊಮ್ಮೆ ನೋಡಬೇಕು, ಅದಕ್ಕೇ ಇಲ್ಲಿಗೆ ನಿಲ್ಲಿಸುತ್ತೇನೆ.